ದುರಗವ್ವನ ಎಡೆ ಮುಟ್ಟದ ಕಾಗೆ

ಮಣ್ಣು ಮಾಡಿದ ಮೂರನೆಯ ದಿನ ದುರಗವ್ವನ ಎಡೆಯನ್ನು ಕಾಗೆ ಮುಟ್ಟಲಿಲ್ಲ.

ಗಬ್ಬೂರಿನಲ್ಲಿ ಕಾಗೆಗಳಿಗೇನೂ ಬರವಿರಲಿಲ್ಲ. ಗೋರಿಯ ಪಕ್ಕದ ಬೇವಿನ ಮರದಲ್ಲಿ ಹದಿನೈದಿಪ್ಪತ್ತು ಕೂತು ಕೆಳಗಿನ ಬಾಳೆಯೆಲೆಯನ್ನೇ ನೋಡುತ್ತಿದ್ದವು. ಎಲೆಯಲ್ಲಿ ಮುದುಕಿಗೆ ಇಷ್ಟವಾದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ, ಏನುಂಟು ಏನಿಲ್ಲ! ಆದರೂ ಒಂದೂ ಕೆಳಗಿಳಿಯಲಿಲ್ಲ. ಕಾಗೆ ಮುಟ್ಟಲಿಲ್ಲವೆಂದರೆ ಸತ್ತವರ ಆಸೆ ಏನೋ ಉಳಿದಿದೆ ಎಂದೇ ಅರ್ಥ. ಅದು ಯಾವುದೆಂದು ಹುಡುಕಿ, ನಡೆಸಿಕೊಡುತ್ತೇವೆಂದು ಗೋರಿಯ ಮುಂದೆ ಮಾತು ಕೊಡಬೇಕು.

ನಿಜ ಹೇಳಬೇಕೆಂದರೆ, ಕಾಗೆ ಬಾರದಿದ್ದುದಕ್ಕೆ ಕಾರಣ ಕುರುಡನಿಗೂ ಕಾಣುವಂತಿತ್ತು. ಎಡೆಗೆ ನಾಯಿ ಬಾಯಿ ಹಾಕಬಾರದೆಂದು ಹನ್ನೊಂದು ಮಂದಿ ನಿವೃತ್ತ ಸೈನಿಕರು ಕೈಯಲ್ಲಿ ಲಾಠಿ ಹಿಡಿದು, ಎದೆ ಸೆಟೆಸಿ, ಎಲೆಯ ಸುತ್ತ ಪಹರೆ ನಿಂತಿದ್ದರು. ಅರ್ಧದಷ್ಟು ಜನ ತಾರಿಹಾಳದ ಕಾರ್ಖಾನೆಗಳ ವಾಚ್‌ಮನ್‌ಗಳು. ಡ್ಯೂಟಿಯ ಡ್ರೆಸ್ಸಿನಲ್ಲೇ ಬಂದಿದ್ದರು. ಮೊಮ್ಮಗ ಅಂಬರೀಷನಿಗೆ ಇದು ಆಗಲೇ ಹೊಳೆದಿತ್ತು. ಆದರೆ ಅವನು ಬಾಯಿ ಬಿಡಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುತ್ತಾರಲ್ಲ, ಕಾಗೆ ಬಾರದಿರುವುದು ತನ್ನಿಂದಲೇ ಎಂದು ಅವನಿಗೆ ಒಳಗೊಳಗೇ ಖಾತ್ರಿಯಾಗಿತ್ತು.

ದುರಗವ್ವನ ಗಂಡ ಅರ್ಜುನಪ್ಪ ಹವಾಲ್ದಾರ. ಅವನು ತೀರಿಕೊಂಡ ಮೇಲೆ ಪಿಂಚಣಿಗಾಗಿ ಮೂರು ವರ್ಷ ಕಚೇರಿ ಕಚೇರಿ ಅಲೆದ ದುರಗವ್ವ, ಒಂದಕ್ಷರ ಬಾರದಿದ್ದರೂ ಯಾವ ಕೆಲಸಕ್ಕೆ ಯಾವ ಬಣ್ಣದ ಫಾರ್ಮು, ಯಾವ ಕಿಡಕಿ ಎಂಬುದನ್ನು ಅರೆದು ಕುಡಿದಿದ್ದಳು. ಆಮೇಲೆ ಸುತ್ತಮುತ್ತಲಿನ ಹಳೆಯ ಸೈನಿಕರೆಲ್ಲ ಅವಳ ಪಾಲಿಗೆ ಬಂದರು. ಪ್ರತಿ ನವೆಂಬರಿನಲ್ಲಿ ಅವರನ್ನು ಸಿಟಿ ಬಸ್ಸಿಗೆ ಹತ್ತಿಸಿಕೊಂಡು ಹುಬ್ಬಳ್ಳಿಯ ಬ್ಯಾಂಕಿಗೆ ಹೋಗಿ, ಇವರೆಲ್ಲ ಇನ್ನೂ ಬದುಕಿದ್ದಾರೆಂದು ಬರೆಸಿಕೊಟ್ಟು ಬರುತ್ತಿದ್ದಳು. ಮನೆಯವರಿಗೆ ಮಾಡಿದಷ್ಟೇ ಅಕ್ಕರೆಯಿಂದ ಅವರಿಗೂ ಬುತ್ತಿ ಕಟ್ಟುತ್ತಿದ್ದಳು. ಅಂಬರೀಷನಿಗೆ ಮಾತ್ರ ಒಂದು ಉಂಡೆ ಹೆಚ್ಚು.

೧೯೯೮ರಲ್ಲಿ ಅವಳ ಮೊಣಕಾಲು ಕೈಕೊಟ್ಟಿತು. ಹತ್ತು ಜನರದು ಹೇಗೋ ಮುಗಿಯಿತು. ಮಗಳ ಊರಿಗೆ ಹೋಗಿದ್ದ ಸಿದ್ದಪ್ಪ ಬಂದದ್ದು ನವೆಂಬರಿನ ಕೊನೆಯ ದಿನ. ಅವನ ಜೊತೆ ಅಂಬರೀಷನನ್ನು ಕಳಿಸಿದಳು. ಇವನೋ, ಸಿದ್ದಪ್ಪನನ್ನು ಬ್ಯಾಂಕಿನೆದುರಿನ ಚಹಾದಂಗಡಿಯಲ್ಲಿ ಕೂರಿಸಿ, "ಒಳಗ ಭಾಳ ಗದ್ಲ ಐತಿ, ಫಾರ್ಮು ನಾನ ಕೊಟ್ಟು ಬರ್ತೇನ್ರಿ ಅಜ್ಜಾ" ಎಂದು ಹೇಳಿ ಮ್ಯಾಟಿನಿಗೆ ಹೋದ. ಮೂರು ತಾಸಿನ ಮೇಲೆ ಬಂದು "ಆತ್ರಿ" ಎಂದ. ಮನೆಯಲ್ಲೂ ಅಜ್ಜಿಗೆ "ಆತು ಆಯಿ" ಎಂದ. ಮುಂದಿನ ತಿಂಗಳು ಪಿಂಚಣಿ ನಿಂತು, ಸಿದ್ದಪ್ಪ ಬ್ಯಾಂಕಿನ ಪಾಲಿಗೆ ಸತ್ತಿದ್ದ. ದುರಗವ್ವ ಕುಂಟುತ್ತಾ ಬ್ಯಾಂಕಿಗೆ ಹೋಗಿ, ಫಾರ್ಮು ಕಳೆದನೆಂದು ಅಂಬರೀಷನ ಎದುರಿಗೇ ಕ್ಲರ್ಕ್ ಪರಮೇಶನನ್ನು ಹಿಗ್ಗಾಮುಗ್ಗಾ ಬೈದಳು. "ನಮ್ಮ ಹುಡುಗ ಕೊಟ್ಟೇನಿ ಅಂದ್ರ ಕೊಟ್ಟಾನ. ಅಂವ ಸುಳ್ಳು ಹೇಳಾಂವಲ್ಲ!" ಆ ಮಾತು ಅಂಬರೀಷನ ಎದೆಯಲ್ಲಿ ಮುಳ್ಳಾಗಿ ಕೂತಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಫೆಬ್ರುವರಿ ಬಂತು. ಒಂದು ಬೆಳಿಗ್ಗೆ ದುರಗವ್ವ ಏಳಲಿಲ್ಲ.

ಈಗ ಗೋರಿಯ ಮುಂದೆ ಅಂಬರೀಷನ ಕಾಕಾ ಕೈಮುಗಿದ. "ಯವ್ವಾ, ಇವತ್ತಿಂದ ಗುಟಕಾ ಮುಟ್ಟಂಗಿಲ್ಲ." ಕಾಗೆ ಬರಲಿಲ್ಲ.

"ಅತ್ತಿ, ನಿಮ್ಮ ಹರಕ ಕೌದಿ ಯಾರಿಗೂ ಕೊಡಂಗಿಲ್ರಿ" ಎಂದಳು ಅವನ ಹೆಂಡತಿ ಕಾಕು. ಬರಲಿಲ್ಲ.

ಸುಬೇದಾರ ಹೊಳೆಯಪ್ಪನಿಗೆ ಕಿವಿ ಮಂದ. "ಅವ್ವಾ, ಕಿವಿಗೆ ಮಷಿನ್ ಹಾಕ್ಕೊಂತೇನಿ!" ಎಂದು ಅವನು ಕೂಗಿದ ರಭಸಕ್ಕೆ ಇದ್ದ ಕಾಗೆಗಳಲ್ಲೇ ಎರಡು ಹಾರಿಹೋದವು.

ಆಗ ಸಿದ್ದಪ್ಪ ಮುಂದೆ ಬಂದ. "ಸರೀರಿ, ನಾ ಕೇಳ್ತೇನಿ. ಬ್ಯಾಂಕಿನಾಗ ನಾ ಸತ್ತು ಎರಡ ತಿಂಗಳಾತು. ಆ ಕಡೀಯವರು ನಿಮಗಿಂತ ನನ್ನ ಮಾತು ಲಗೂ ಕೇಳ್ತಾರ."

ಎಲ್ಲರಿಗೂ ಇದು ಸರಿಯೆನಿಸಿ ದಾರಿ ಬಿಟ್ಟರು. ಸಿದ್ದಪ್ಪ ಮಂಡಿಯೂರಿ ನೆಲಕ್ಕೆ ಕಿವಿ ಹಚ್ಚಿ ಬಹಳ ಹೊತ್ತು ಆಲಿಸಿದ. ಆಮೇಲೆ ಎದ್ದು ಮಣ್ಣು ಕೊಡವಿಕೊಂಡ. "ಆಕಿ ಹೇಳಂಗಿಲ್ಲಂತ. ಹೇಳಬೇಕಾದಾಂವ ಹೇಳಬೇಕಂತ."

ಕ್ಲರ್ಕ್ ಪರಮೇಶನೂ ಬಂದು ಒಂದು ಬದಿಗೆ ನಿಂತಿದ್ದ. ಅವನು ಕೈಮುಗಿದು, "ಅಜ್ಜೀ, ಆ ಫಾರ್ಮು ಮತ್ತೊಮ್ಮೆ ಹುಡುಕತೇನ್ರಿ. ಕಪಾಟು ಸರಿಸಿ ನೋಡತೇನ್ರಿ" ಎಂದ.

ಅಂಬರೀಷನಿಗೆ ಇನ್ನು ತಡೆಯಲಾಗಲಿಲ್ಲ. "ಹುಡುಕಬ್ಯಾಡ್ರಿ! ಅದು ಬ್ಯಾಂಕಿಗೆ ಹೋಗೇ ಇಲ್ಲ. ನನ್ನ ಕಿಸೆದಾಗ ಇತ್ತು. ನಾ ಸಿನಿಮಾಕ್ಕ ಹೋಗಿದ್ನಿ. ಆಯಿಗೆ ಸುಳ್ಳು ಹೇಳಿದ್ನಿ."

ಯಾರೂ ಬೆಚ್ಚಿಬೀಳಲಿಲ್ಲ. ಬೈಯಲೂ ಇಲ್ಲ.

"ಏನಂದಾ?" ಎಂದ ಹೊಳೆಯಪ್ಪ. ಪಕ್ಕದವನು ಅವನ ಕಿವಿಗೆ ಬಾಯಿಟ್ಟು, "ಹೇಳಿದಾ!" ಎಂದು ಒದರಿದ.

"ಹೇಳಿದ್ನಾ? ಅಂತೂ ಹೇಳಿದ್ನಾ!" ಹೊಳೆಯಪ್ಪ ಲಾಠಿ ಎಸೆದು ಕಣ್ಣೊರೆಸಿಕೊಂಡ. ಒಬ್ಬೊಬ್ಬರಾಗಿ ಹನ್ನೊಂದೂ ಲಾಠಿಗಳು ನೆಲಕ್ಕೆ ಬಿದ್ದವು.

ಸಿದ್ದಪ್ಪ ಅಂಬರೀಷನ ಹೆಗಲ ಮೇಲೆ ಕೈಯಿಟ್ಟ. "ಅಲ್ಲೋ ತಮ್ಮಾ, ಸಾಹೇಬರ ಮುಂದ ಸಹಿ ಮಾಡಾಂವ ನಾನು. ಮಾಡಿಲ್ಲನ್ನೂದು ನನಗ ಗೊತ್ತಿರಂಗಿಲ್ಲೇನು? ಡಿಸೆಂಬರದಾಗ ಪಗಾರ ಬರಲಿಲ್ಲ, ಅವತ್ತ ದುರಗವ್ವಗ ಹೇಳಿದೆ. 'ಅಂವ ತಾನಾಗೇ ಹೇಳಲಿ ಸಿದ್ದಪ್ಪಾ. ಅಲ್ಲೀತನಕಾ ನೀ ಸತ್ತೇ ಇರು, ರೊಟ್ಟಿ ನಾ ಹಾಕ್ತೇನಿ' ಅಂದ್ಲು. ಹುಕುಂ ಅಂದ್ರ ಹುಕುಂ. ಸತ್ತಿದ್ನಿ."

"ನನಗೂ ಅಜ್ಜಿ ಮೊದಲ ಉಂಡಿ ಕೊಟ್ಟು, ಸಿಟ್ಟಾಗಬ್ಯಾಡಪಾ ಅಂದು, ಆಮ್ಯಾಲೆ ಬೈದಿದ್ರು" ಎಂದ ಪರಮೇಶ.

"ದಿನಾ ಸಂಜಿ ನನ್ನ ಕೇಳ್ತಿದ್ಲು," ಸಿದ್ದಪ್ಪನ ದನಿ ಇಳಿಯಿತು. "'ಇವತ್ತರ ಹುಡುಗ ಏನರ ಅಂದ್ನೇನು?' ಅಂತ. ಕಡೀ ದಿನಾನೂ ಕೇಳಿದ್ಲು."

ಅಂಬರೀಷ ಗೋರಿಯ ಹಸಿಮಣ್ಣಿನ ಮೇಲೆ ಕುಸಿದು ಚಿಕ್ಕ ಹುಡುಗನಂತೆ ಅತ್ತ. ಬೈದು ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದ. ಕಾಯುತ್ತಾ ಕಾಯುತ್ತಾ ಸತ್ತಳೆಂಬುದನ್ನು ತಡೆದುಕೊಳ್ಳಲಾಗಲಿಲ್ಲ. ಅವನನ್ನು ಎಬ್ಬಿಸುವ ಗಡಿಬಿಡಿಯಲ್ಲಿ ಕಾಗೆಗಳು ಯಾವಾಗ ಇಳಿದವೋ ಯಾರೂ ನೋಡಲಿಲ್ಲ. ನೋಡಿದಾಗ ಎಲೆ ಬರಿದಾಗಿತ್ತು. ಅದು ತನ್ನ ಗುಟಕಾದ ಫಲವೆಂದು ಕಾಕಾ ಇವತ್ತಿಗೂ ವಾದಿಸುತ್ತಾನೆ.

ಅದೇ ಮಧ್ಯಾಹ್ನ ಅಂಬರೀಷ ಸಿದ್ದಪ್ಪನನ್ನು ಬದುಕಿಸಲು ಬ್ಯಾಂಕಿಗೆ ಕರೆದೊಯ್ದ. ಪರಮೇಶ ಕೊಟ್ಟ ಫಾರ್ಮಿನಲ್ಲಿ 'ತಡವಾದುದಕ್ಕೆ ಕಾರಣ' ಎಂದು ಒಂದು ಸಾಲಿತ್ತು.

"ಜ್ವರ ಬಂದಿತ್ತಂತ ಬರಿ, ಯಾರ ಕೇಳ್ತಾರ" ಎಂದ ಸಿದ್ದಪ್ಪ.

ಅಂಬರೀಷ ಬೇರೆ ಏನನ್ನೋ ಬರೆದ. ಸಿದ್ದಪ್ಪನಿಗೆ ಬರುತ್ತಿದ್ದುದು ಸೈನ್ಯದಲ್ಲಿ ಕಲಿತ ಹಿಂದಿ ಅಕ್ಷರ ಮಾತ್ರ. "ಏನ ಬರದ್ಯೋ?" ಎಂದು ಕೇಳಿದ.

ಅಂಬರೀಷ ಓದಿದ: "ದುರಗವ್ವನ ಮೊಮ್ಮಗ ಅಂಬರೀಷ ಸುಳ್ಳು ಹೇಳಿದ್ದ." ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಇನ್ನೂ ಗಟ್ಟಿಯಾಗಿ, ಮತ್ತೊಮ್ಮೆ ಓದಿದ.