ನಕಿಟ್ಟೊಳ ಕಣ್ಣಿನ ಮಂಜು

ಬುಕೂಲದ ಚರ್ಚಿನ ಅಂಗಳದಲ್ಲಿ ಬೆಳಿಗ್ಗೆಯಿಂದ ಕಾಲಿಡಲು ಜಾಗವಿರಲಿಲ್ಲ. ರಾಜಕುಮಾರಿ ನಬಲೋಗ ಬರುತ್ತಾರೆ! ಅದೂ ಮೆರವಣಿಗೆಗಲ್ಲ, ಕಣ್ಣು ನೋಡಲು. ಅರಮನೆಯಲ್ಲಿ ಹುಟ್ಟಿಯೂ ಹಟ ಹಿಡಿದು ಓದಿ ಕಣ್ಣಿನ ಡಾಕ್ಟರಾದವರು. ವಾರವೆಲ್ಲ ಕಂಪಾಲದಲ್ಲಿ ಕೆಲಸ. ರಜೆ ಸಿಕ್ಕರೆ ಹಳ್ಳಿಗಳಲ್ಲಿ ಬೆಳಿಗ್ಗೆ ಕಣ್ಣಿನ ಪರೀಕ್ಷೆ, ಮಧ್ಯಾಹ್ನ ಅದೇ ಅಂಗಳದಲ್ಲಿ ದೊಡ್ಡವರಿಗೆ ಓದು ಬರಹ. ನಗಾರಿಯವರಂತೂ ಕಾರಿನ ಧೂಳು ಕಾಣುವ ಮೊದಲೇ ಬಾರಿಸತೊಡಗಿದ್ದರು.

ಈ ಸಡಗರದ ನಡುವೆ ನಕಿಟ್ಟೊ ಮಾತ್ರ ಸಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಿದ್ದಳು. ಸರೋವರದ ಸಣ್ಣ ಮೀನು ಒಣಗಿಸಿ ಮಾರುವವಳು, ತಾಯಂದಿರ ಸಂಘದ ಮುಂದಾಳು. ಮುಂದಾಳಾದವಳು ಚರ್ಚಿನಲ್ಲಿ ಎದ್ದು ನಿಂತು ಬೈಬಲ್ ಓದಬೇಕು. ಅವಳು "ಕಣ್ಣು ಮಂಜು ಕಣ್ರೀ" ಎಂದು ಪ್ರತಿ ಸಲವೂ ಬೇರೆಯವರಿಗೆ ದಾಟಿಸುತ್ತ ಬಂದಿದ್ದಳು. ಪಾಪ, ಅವಳಿಗೆ ಅಕ್ಷರವೇ ಗೊತ್ತಿರಲಿಲ್ಲ. ಇವತ್ತು ಕನ್ನಡಕ ಸಿಕ್ಕಿಬಿಟ್ಟರೆ ಹೇಳಲು ನೆಪವೂ ಇಲ್ಲ.

"ಇವತ್ತು ನಿನ್ನ ಬಿಡೋ ಪ್ರಶ್ನೆನೇ ಇಲ್ಲ," ಎಂದ ಸಲೊಂಗೊ. ಸಲೊಂಗೊ ಎಂದರೆ ಅವಳಿಮಕ್ಕಳ ಅಪ್ಪ, ಊರಿಗೆ ಊರೇ ಅವನನ್ನು ಹಾಗೆ ಕರೆಯುತ್ತಿತ್ತು. ಮೂಗಿನ ಮೇಲೆ ಕನ್ನಡಕ, ಕಂಕುಳಲ್ಲಿ ಪೇಪರು. "ಭಾನುವಾರ ನೀನೇ ಓದ್ಬೇಕು ನೋಡು. ನಾನಿಲ್ವಾ, ದಿನಾ ಪೇಪರ್ ತಗೊಂಡು ಕೂರಲ್ವಾ?"

"ನಿಮ್ಗೇನಪ್ಪ, ಪೇಪರ್ ತಗೊಂಡು ಕೂತ್ರೆ ಮನೇಲಿ ಒಲೆ ಉರಿಯುತ್ತೆ," ಎಂದು ಗೊಣಗಿ ನಕಿಟ್ಟೊ ಒಳಗೆ ಹೋದಳು.

ಒಳಗೆ ಮಂಡಿಯೂರಿ, "ಸೆಬೊ, ಚೆನ್ನಾಗಿದ್ದೀರಾ?" ಎಂದಳು. ಸೆಬೊ ಎಂದರೆ ಅಯ್ಯಾ. ರಾಜವಂಶದ ಹೆಣ್ಣನ್ನು ಅಲ್ಲಿ ಯಾರೂ ಅಮ್ಮಾ ಎನ್ನುವುದಿಲ್ಲ.

ರಾಜಕುಮಾರಿ ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರದ ಹಲಗೆ ತೋರಿಸಿದರು. "ಎಲ್ಲಕ್ಕಿಂತ ಮೇಲಿರೋದು ಯಾವುದು?"

"ಬರೀ ಮಂಜು ಸೆಬೊ."

ಗಾಜು ಬದಲಾಯಿಸಿದರು. ಮಂಜು. ಮತ್ತೊಂದು ಹಾಕಿದರು. ಆಗಲೂ ಮಂಜೇ. ಬೇರೆ ಗಾಜು ತೆಗೆಯಲು ಅವರು ಬಾಗಿದರೋ ಇಲ್ಲವೋ, ನಕಿಟ್ಟೊ ಕಿರುಚಿದಳು, "ಅಯ್ಯಯ್ಯೋ ಸೆಬೊ! ಕಾಲರ್ ಮೇಲೆ ಇರುವೆ! ಕೆಂಪಿರುವೆ, ಕಚ್ಚುತ್ತೆ!"

ಆಮೇಲೆ ತಾನೇ ಬಾಯಿ ಮುಚ್ಚಿಕೊಂಡಳು.

ರಾಜಕುಮಾರಿ ಇರುವೆಯನ್ನು ಕೊಡವಿ, ತಡೆಯಲಾರದೆ ನಕ್ಕುಬಿಟ್ಟರು. ಅವಳ ಕಣ್ಣಲ್ಲಿ ನೀರು ಕಂಡದ್ದೇ ನಗು ನಿಂತಿತು. "ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ," ಎಂದರು ಮೆಲ್ಲಗೆ.

"ಯಾರ ಹತ್ರಾನೂ ಹೇಳ್ಬೇಡಿ ಸೆಬೊ. ಮರ್ಯಾದೆ ಹೋಗುತ್ತೆ."

"ನಾನು ಹೇಳಲ್ಲ. ಮಧ್ಯಾಹ್ನ ಕ್ಲಾಸಿಗೆ ಬರ್ತೀರಾ?"

"ಈ ವಯಸ್ಸಲ್ಲಾ? ಮೊಮ್ಮಗಳು ಬಿದ್ದು ಬಿದ್ದು ನಗ್ತಾಳೆ. ಮೀನು ಮಾರೋಕೆ ಅಕ್ಷರ ಯಾಕೆ? ಬಾಯಿದ್ರೆ ಸಾಕು."

"ಸಾಕು ಅಂದ್ಮೇಲೆ ಈ ಮಂಜು ಯಾಕೆ ಬೇಕಾಯ್ತು?"

ರಾಜಕುಮಾರಿ ಕೋಲು ತೆಗೆದುಕೊಂಡು ಹಲಗೆಯಲ್ಲಿ ಹಾವಿನಂಥ ಒಂದು ಅಕ್ಷರದ ಮೇಲೆ ಎರಡು ಸಲ ತಟ್ಟಿ, ಆಮೇಲೆ ಅಲ್ಲೊಂದು ಇಲ್ಲೊಂದು ಅಂತ ಇನ್ನೂ ಮೂರು ತೋರಿಸಿದರು. "ಇಷ್ಟೂ ಸೇರಿಸಿದ್ರೆ ನೀವು ನನ್ನ ಕರೀತಿರೋ ಮಾತು."

"ಸೆಬೊ?" ಅವಳು ಹಲಗೆಯ ಹತ್ತಿರಕ್ಕೆ ಹೋದಳು. "ಇಷ್ಟೇನಾ?"

ಹೊರಗೆ ಸಲೊಂಗೊ ಕಾಯುತ್ತಲೇ ಇದ್ದ. "ಎಲ್ಲಮ್ಮಾ ಕನ್ನಡಕ?"

ಅಂಗಳದ ಕಣ್ಣೆಲ್ಲ ಅವಳ ಮೇಲಿತ್ತು. ಆದರೂ ಅವಳು ಅಲ್ಲಿಂದ ಕದಲಲಿಲ್ಲ. "ಕಣ್ಣು ಸರಿಯಾಗೇ ಇದೆ. ನಂಗೆ ಓದಕ್ಕೆ ಬರಲ್ಲ. ಇಷ್ಟು ದಿನ ಸುಳ್ಳು ಹೇಳ್ದೆ. ಇವತ್ತಿಂದ ಕಲೀತೀನಿ, ನಗೋರು ನಗ್ಲಿ!"

ಯಾರೂ ನಗಲಿಲ್ಲ. ಮಧ್ಯಾಹ್ನ ಹಲಗೆಯನ್ನು ಹಲಸಿನ ಮರಕ್ಕೆ ತೂಗುಹಾಕಿದಾಗ ಅವಳು ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂತಳು. ಸಲೊಂಗೊ ಸ್ವಲ್ಪ ಹೊತ್ತು ಅತ್ತಿತ್ತ ಸುಳಿದಾಡಿದ. ಕೊನೆಗೆ ಪೇಪರನ್ನು ಮಡಚಿ ಅದರ ಮೇಲೆಯೇ ಕುಕ್ಕರಿಸಿದ.

"ಸ್ವಲ್ಪ ಸರ್ಕೊಳ್ಳಮ್ಮ. ನಾನೂ ಬರೀ ಫೋಟೋ ನೋಡ್ತಿದ್ದೆ."

ನಕಿಟ್ಟೊ ಬೆಕ್ಕಸ ಬೆರಗಾಗಿ ಅವನನ್ನು ನೋಡಿದಳು. ಬಾಯಿಗೆ ಬಂದ ಕೊಂಕು ಮಾತನ್ನು ನುಂಗಿಕೊಂಡು, ಜಾಗ ಬಿಟ್ಟು, ಹಲಗೆಯ ಕಡೆ ಕೈ ತೋರಿಸಿದಳು. "ಅಲ್ಲಿ ನೋಡಿ, ಹಾವಿನ ಥರ ಇದೆಯಲ್ಲ, ಅದು ಸೆಬೊದ ಮೊದಲನೇ ಅಕ್ಷರ..." ತುಟಿಯಲ್ಲೇ ಏನನ್ನೋ ಹೇಳಿಕೊಂಡಳು. ಮುಖ ಅರಳಿತು.

"ಅಯ್ಯೋ ದೇವ್ರೇ, ಸಲೊಂಗೊ! ನಿಮ್ಮ ಹೆಸರೂ ಅದ್ರಿಂದಾನೇ ಶುರು!"