ಟಂಕಸಾಲೆಯ ಮುದ್ರೆ

ಗಂಡ ನೆಕ್ಕುವುದನ್ನು ಮೊದಲ ಸಲ ಕಂಡಾಗ ಭಾನುಪ್ರಿಯಳಿಗೆ ಉಂಡ ಮುದ್ದೆ ಗಂಟಲಿಗೆ ಬಂದಿತ್ತು. ಮಣ್ಣಿನಿಂದ ಆಗಷ್ಟೇ ಕಿತ್ತ ಬಿಲ್ಲೆಯೊಂದನ್ನು ಅನಂತರಾಜು ಪಂಚೆಯಲ್ಲಿ ಒರೆಸಿ, ನಾಲಿಗೆಯ ತುದಿಗೆ ಮುಟ್ಟಿಸಿ, ಕಣ್ಣು ಮುಚ್ಚಿ ನಿಂತಿದ್ದ. ಹುಳಿಯಾದರೆ ತಾಮ್ರ, ಒಗರಾದರೆ ಕಬ್ಬಿಣ, ಸಪ್ಪಗಿದ್ದರೆ ಬೆಳ್ಳಿ ಎಂಬುದು ಅವನ ಲೆಕ್ಕ. ಆ ಬಿಲ್ಲೆ ಕೊನೆಗೆ ಬೀರು ಬಾಟಲಿಯ ಮುಚ್ಚಳವೆಂದು ತಿಳಿಯಿತು. ಯಾವ ಕುಡುಕ ಹಲ್ಲಲ್ಲಿ ಕಚ್ಚಿ ತೆಗೆದಿದ್ದನೋ ಏನೋ.

ಅನಂತರಾಜು ಕೆಟ್ಟವನೇನಲ್ಲ. ಉಯ್ಯಂಬಳ್ಳಿಯಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಲಗೇಜ್ ಆಟೊ ಅವನದು. ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಇದೊಂದೇ ಚಟ. ಲೋಹ ಪತ್ತೆ ಮಾಡುವ ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಿಕೊಂಡು, ಬಿಡುವು ಸಿಕ್ಕಾಗಲೆಲ್ಲ ಸ್ವಂತ ಹೊಲವನ್ನೇ ಅದರಲ್ಲಿ ಗುಡಿಸುತ್ತಿದ್ದ. ಯಂತ್ರ ಕುಯ್ ಅಂದಲ್ಲಿ ಗುಂಡಿ. ಸಿಕ್ಕಿದ್ದನ್ನೆಲ್ಲ ಒಂದೇ ಗೊಬ್ಬರದ ಚೀಲಕ್ಕೆ ಎಸೆದು ತಂದು, ಸಾರು ಕಾಯಿಸುವ ಪಾತ್ರೆಯಲ್ಲೇ ಹುಣಸೆನೀರಿಗೆ ನೆನೆಹಾಕುತ್ತಿದ್ದ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತೇ ಬಂದ ಹೆಂಗಸಿಗೆ, ತನ್ನ ಪಾತ್ರೆಯೊಳಗೆ ಎತ್ತಿನ ಲಾಳವೂ ಬೋರ್‌ವೆಲ್ಲಿನ ಬೋಲ್ಟೂ ಬಿದ್ದುಕೊಂಡಿರುವುದು ಕಂಡರೆ ಹೇಗಾಗಬೇಡ? ಎಷ್ಟು ತಿಕ್ಕಿದರೂ ಸಾರು ತುಕ್ಕಿನ ವಾಸನೆ ಹೊಡೆಯುತ್ತಿತ್ತು. ಅತ್ತೆ ಚಿಕ್ಕಲಕ್ಷ್ಮಮ್ಮ ಮಾತ್ರ ಮಗನ ಮೇಲಿನ ಮುಲಾಜಿಗೆ ತುಟಿ ಪಿಟಕ್ಕೆನ್ನದೆ ಉಣ್ಣುತ್ತಿದ್ದಳು.

ಈ ಹೇಸಿಗೆಗೆ ಕುಮ್ಮಕ್ಕು ಕೊಡುತ್ತಿದ್ದವನು ಮಾಗಡಿಯ ಮಧುಕುಮಾರ. ಅವನದೊಂದು ವಾಟ್ಸ್ಯಾಪ್ ಗುಂಪು. ನೆಲದಲ್ಲಿ ಸಿಕ್ಕ ಏನನ್ನಾದರೂ ಫೋಟೊ ಹೊಡೆದು ಹಾಕಿದರೆ ಇದು ಇಂಥದ್ದೇ ಎಂದು ಅವನು ಅಪ್ಪಣೆ ಕೊಡಿಸುತ್ತಿದ್ದ. ಅವನ ಬಾಯಲ್ಲಿ ಎಲ್ಲವೂ ಪಾಳೇಗಾರರ ಕಾಲದ್ದೇ. ನೇಗಿಲ ಗುಳದ ತುಂಡು ಭರ್ಜಿಯ ಮೊನೆಯಾಗಿತ್ತು, ಬೋರ್‌ವೆಲ್ ಬೋಲ್ಟು ಫಿರಂಗಿಯ ಬಿರಡೆಯಾಗಿತ್ತು. ಅಲ್ಲವೆಂದವರನ್ನು ಗುಂಪಿನಿಂದಲೇ ಓಡಿಸುತ್ತಿದ್ದ. ಅನಂತರಾಜು ಅವನನ್ನು ಸಾರ್ ಎನ್ನುವಾಗ ಫೋನಿನ ಮುಂದೆಯೂ ಬೆನ್ನು ಬಗ್ಗಿಸುತ್ತಿದ್ದುದು ಭಾನುಪ್ರಿಯಳಿಗೆ ನೆಕ್ಕುವುದಕ್ಕಿಂತ ಅಸಹ್ಯವಾಗಿತ್ತು.

ಒಂದು ಭಾನುವಾರ ಹುಣಸೆನೀರಿನಿಂದ ಪುಟ್ಟ ಬಳೆಯೊಂದು ಮೇಲೆ ಬಂತು. ಕರಿ ಬಿಟ್ಟಿದ್ದ ಕಡೆ ಬೆಳ್ಳಗೆ ಹೊಳೆಯಿತು. ಅನಂತರಾಜು ನಾಲಿಗೆಗೆ ಇಟ್ಟು, ಸಪ್ಪಗಿದೆ ಎಂದು ಹಿಗ್ಗಿದ. ದೊಡ್ಡವರ ಕೈಗೆ ಹೋಗದಷ್ಟು ಸಣ್ಣದು. ತುದಿಗಳು ಕೂಡುವ ಕಡೆ ಬಾಯಿ ಅಗಲವಾಗಿ ತೆರೆದುಕೊಂಡಿತ್ತು, ಆಚೀಚೆ ಸಾಲಾಗಿ ಸಣ್ಣ ಸಣ್ಣ ತಗ್ಗುಗಳಿದ್ದವು. ಫೋಟೊ ಹೋದ ಸ್ವಲ್ಪ ಹೊತ್ತಿಗೆ ಮಧುಕುಮಾರನ ವಾಯ್ಸ್ ಮೆಸೇಜು ಬಂತು. ಪಾಳೇಗಾರರು ಬೇಟೆಗೆ ಸಾಕುತ್ತಿದ್ದ ಗಿಡುಗದ ಕಾಲಿಗೆ ತೊಡಿಸುತ್ತಿದ್ದ ಬಳೆಯಂತೆ ಅದು. ಆ ತಗ್ಗುಗಳು ಟಂಕಸಾಲೆಯ ಮುದ್ರೆಯಂತೆ. ಯೂಟ್ಯೂಬಿನವರನ್ನು ಕರೆದುಕೊಂಡು ತಾನೇ ಬರುತ್ತೇನೆ, ಯಾರಿಗೂ ಕೊಡಬೇಡ ಎಂದಿದ್ದ. ಅನಂತರಾಜು ಅದನ್ನು ಮನೆಯವರಿಗೆಲ್ಲ ಕೇಳುವಂತೆ ಮತ್ತೆ ಮತ್ತೆ ಹಾಕಿದ.

ಮೂಲೆಯಲ್ಲಿ ಹುರುಳಿ ಆರಿಸುತ್ತಿದ್ದ ಚಿಕ್ಕಲಕ್ಷ್ಮಮ್ಮ ಮೊರ ಪಕ್ಕಕ್ಕಿಟ್ಟು, ಒಸಿ ಇಲ್ಲಿ ಕೊಡು ಎಂದು ಕೈ ಚಾಚಿದಳು. ಕಣ್ಣಿಗೆ ಪೊರೆ ಬಂದಿದ್ದರಿಂದ ಅವಳು ಏನನ್ನಾದರೂ ಬೆರಳಲ್ಲೇ ನೋಡುವವಳು. ಹೆಬ್ಬೆರಳು ಬಳೆಯ ಸುತ್ತ ಹೋಗಿ, ತಗ್ಗುಗಳ ಮೇಲೆ ನಿಂತುಬಿಟ್ಟಿತು.

"ಇದು ಮುದ್ರೆ ಅಲ್ಲ ಕಣ್ಲಾ," ಎಂದಳು. "ನಾನು ಕಲ್ಲಲ್ಲಿ ಕುಟ್ಟಿದ್ದು."

ಆಮೇಲೆ ಅವಳು ಹೇಳಿದ್ದನ್ನು ಮಗನೂ ಸೊಸೆಯೂ ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಅನಂತರಾಜುವಿಗಿಂತ ಮುಂಚೆ ಒಂದು ಹೆಣ್ಣುಕೂಸು ಹುಟ್ಟಿತ್ತು. ಇನ್ನೂ ಹಲ್ಲು ಮೂಡಿರಲಿಲ್ಲ, ಮೈ ಊದಿಕೊಂಡಿತು. ತವರಿನವರು ಹಾಕಿದ್ದ ಕಾಲಿನ ಕಡಗ ಮಾಂಸದೊಳಗೆ ಹೂತುಹೋಗುತ್ತಿತ್ತು. ಕೂಸಿನ ಕಾಲನ್ನು ಒರಳಿನ ಅಂಚಿಗಿಟ್ಟುಕೊಂಡು, ಗುಂಡುಕಲ್ಲಿನಿಂದ ಮೆಲ್ಲಗೆ ಕುಟ್ಟಿ ಕುಟ್ಟಿ ಕಡಗದ ಬಾಯಿ ಅಗಲಿಸಿದ್ದಳು. ಸಡಿಲವಾಯಿತು, ಆದರೆ ಹಿಮ್ಮಡಿ ದಾಟಿ ಬರಲಿಲ್ಲ. ಆ ವಾರವೇ ಕೂಸು ಹೋಯಿತು. ಮಣ್ಣಿಗೆ ಹೆಂಗಸರು ಹೋಗುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಗಂಡ ದಾಸಪ್ಪ ಕೂಸನ್ನು ಕಡಗ ಸಮೇತ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಹೊಲದಲ್ಲಿ ಹೂತು ಬಂದ. ಎಲ್ಲಿ ಎಂದು ಹೇಳಲಿಲ್ಲ. ಹೇಳಿದರೆ ಕೆಲಸ ಬಿಟ್ಟು ಅಲ್ಲೇ ಹೋಗಿ ಕೂರುತ್ತಾಳೆ ಎಂದು ಸಾಯುವವರೆಗೂ ಬಾಯಿ ಬಿಡಲಿಲ್ಲ. ಅಂದಿನಿಂದ ಕಳೆ ಕೀಳುವಾಗಲೂ ಕೊಯ್ಯುವಾಗಲೂ ಕಾಲಡಿಯಲ್ಲೇ ಇದ್ದರೆ ಎಂದುಕೊಂಡು, ಆ ಹೊಲದಲ್ಲಿ ಅವಳು ಚಪ್ಪಲಿ ಮೆಟ್ಟಿದವಳಲ್ಲ.

ಅನಂತರಾಜು ಬಚ್ಚಲಿಗೆ ಓಡಿದ. ಬಾಯಿ ಮುಕ್ಕಳಿಸಿ ಉಗಿದ, ಮತ್ತೆ ಮುಕ್ಕಳಿಸಿದ. ಭಾನುಪ್ರಿಯಳಿಗೆ ಒಂದಿಷ್ಟೂ ಅಯ್ಯೋ ಅನ್ನಿಸಲಿಲ್ಲ. ಕಕ್ಕಿಕೊಳ್ಳಲಿ, ಕರುಳು ಬಾಯಿಗೆ ಬರಲಿ ಎಂದೇ ಅನ್ನಿಸಿತು.

ಅವನು ವಾಪಸು ಬಂದಾಗ ಚಿಕ್ಕಲಕ್ಷ್ಮಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಕೇಳಿದಳು. "ಎಲ್ಲಿ ಸಿಕ್ತಪ್ಪ?"

ಅವನಿಗೆ ಗೊತ್ತಿರಲಿಲ್ಲ. ಹೊಲದ ತುಂಬ ಅಗೆದಿದ್ದ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದ. ಹೊಂಗೆಮರದ ಕಡೆ ಇರಬೇಕು ಎಂದ, ಅಲ್ಲ, ಪಂಪ್‌ಸೆಟ್ಟಿನ ಹಿಂದೆ ಎಂದ. ನೆಕ್ಕಿ ಬೆಳ್ಳಿ ಎಂದು ಹೇಳಬಲ್ಲ, ಗಿಡುಗದ ಬಳೆ ಎಂದರೆ ನಂಬಬಲ್ಲ, ಯಾವ ಗುಂಡಿಯಿಂದ ಎತ್ತಿದೆ ಎಂಬುದೊಂದು ಈ ಮನುಷ್ಯನಿಗೆ ಗೊತ್ತಿಲ್ಲ. ಇಂಥವನ ಪಕ್ಕದಲ್ಲಿ ಇಷ್ಟು ವರ್ಷ ಹೇಗೆ ಮಲಗಿದೆ ಎಂದು ಭಾನುಪ್ರಿಯ ತನ್ನನ್ನೇ ಕೇಳಿಕೊಂಡಳು.

ಅಷ್ಟರಲ್ಲಿ ಮಧುಕುಮಾರನ ಫೋನು. ಅನಂತರಾಜು ಅಂಗಳಕ್ಕೆ ಹೋಗಿ, ಬೆನ್ನು ಬಗ್ಗಿಸಿ, ನಡೆದದ್ದೆಲ್ಲ ಒಪ್ಪಿಸಿದ. ಒಳಗೆ ಬಂದು ಅವ್ವನ ಮುಖ ನೋಡದೆ, ಇದನ್ನೆಲ್ಲ ಅವ್ವನ ಬಾಯಲ್ಲೇ ಒಂದು ವಿಡಿಯೊ ಮಾಡಿದರೆ ಜನ ಬಹಳ ನೋಡುತ್ತಾರೆ ಎಂದು ಸಾರ್ ಹೇಳುತ್ತಿದ್ದಾರೆ ಎಂದು ತೊದಲಿದ. ಭಾನುಪ್ರಿಯ ಅವನ ಕೈಯಿಂದ ಫೋನು ಕಿತ್ತುಕೊಂಡು ಹುಣಸೆನೀರಿನ ಪಾತ್ರೆಗೆ ಹಾಕಿದಳು.

"ನೆನೀಲಿ," ಎಂದಳು. "ನಿಮ್ ಸಾರ್ ಯಾವ್ ಕಾಲದೋರು ಅಂತ ಗೊತ್ತಾಯ್ತದೆ."

ಮೂವರೂ ಹೊಲಕ್ಕೆ ಹೋದರು. ಎಲ್ಲಿ ನೋಡಿದರೂ ಗುಂಡಿ, ಹಂದಿ ನುಗ್ಗಿ ಹೋದ ಗೆಣಸಿನ ತೋಟದ ಹಾಗೆ. ಚಿಕ್ಕಲಕ್ಷ್ಮಮ್ಮ ಕಡಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಂದೊಂದು ಗುಂಡಿಯ ಹತ್ತಿರವೂ ಕುಕ್ಕರುಗಾಲಲ್ಲಿ ಕೂತು, ಮಣ್ಣು ಸವರಿ, ಎದ್ದು ಮುಂದಕ್ಕೆ ಹೋಗುತ್ತಿದ್ದಳು. ಅದನ್ನು ನೋಡಲಾರದೆ ನಿಂತಿದ್ದ ಭಾನುಪ್ರಿಯಳಿಗೆ ಒಂದು ಯೋಚನೆ ಬಂತು. ಕೂಸಿಗೆ ಎರಡು ಕಾಲಿದ್ದವಲ್ಲ. ಇನ್ನೊಂದು ಕಡಗ ಮಣ್ಣಿನಲ್ಲೇ ಇರಬೇಕು. ಅದು ಸಿಕ್ಕ ಕಡೆಯೇ ಕೂಸು. ಆ ದರಿದ್ರ ಯಂತ್ರವನ್ನು ತನ್ನ ಬಾಯಿಂದಲೇ ತರಹೇಳಬೇಕಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಹೇಳಿದಳು.

ಅನಂತರಾಜು ಗುಂಡಿಗಳ ಸುತ್ತ ಯಂತ್ರ ಆಡಿಸುತ್ತಾ ಬಂದ. ಇಷ್ಟು ಮೆಲ್ಲಗೆ ಅವನು ಎಂದೂ ನಡೆದಿರಲಿಲ್ಲ. ಹೊಂಗೆಮರದ ಹತ್ತಿರ ಒಂದು ಗುಂಡಿಯ ಮಗ್ಗುಲಿಗೆ ಯಂತ್ರ ಕುಯ್ ಅಂದಿತು. ಬೋಲ್ಟೂ ಇರಬಹುದು, ಬಾಟಲಿಯ ಮುಚ್ಚಳವೂ ಇರಬಹುದು. ಅವನು ಅವ್ವನ ಮುಖ ನೋಡಿ, ಗುದ್ದಲಿ ಎತ್ತಿಕೊಂಡ.

ಚಿಕ್ಕಲಕ್ಷ್ಮಮ್ಮ ಬಂದು ಆ ಜಾಗದಲ್ಲಿ ಕೂತುಬಿಟ್ಟಳು. ಕೈಯಲ್ಲಿದ್ದ ಕಡಗವನ್ನು ಪಕ್ಕದ ಗುಂಡಿಗೆ ಇಳಿಬಿಟ್ಟು, ಅಂಗೈಯಿಂದ ಮಣ್ಣು ಎಳೆದಳು.

"ಬ್ಯಾಡ ಕಣ್ಲಾ," ಎಂದಳು. "ಅದೊಂದಾದ್ರೂ ಅವಳ ಕಾಲಲ್ಲೇ ಇರ್ಲಿ ಬುಡು."