ಹನ್ನೆರಡನೆಯ ಅನುಮೋದನೆ

"ಯಾವ ಮಗುವಿನ ತಂದೆ ಅಥವಾ ತಾಯಿ ಈ ದೇಶದ ಪ್ರಜೆಯಾಗಿರುವರೋ, ಅಲ್ಪವಿರಾಮ, ಆ ಮಗುವೂ ಹುಟ್ಟಿನಿಂದಲೇ ಈ ದೇಶದ ಪ್ರಜೆಯಾಗಿರತಕ್ಕದ್ದು, ಪೂರ್ಣವಿರಾಮ," ಎಂದು ಓದಿ ಮೇಷ್ಟ್ರು ತಲೆ ಎತ್ತಿದರು. ಎದುರಿನ ಕುರ್ಚಿಯಲ್ಲಿದ್ದ ಸೊನ್ನೆಯಕ್ಕನ ಪೆನ್ಸಿಲ್ಲು ಸಾಲಿನ ನಡುವೆಯೇ ನಿಂತುಬಿಟ್ಟಿತ್ತು.

"ಮುಂದೆ ಹೋಗ್ಲಾ?"

"ಹೋಗಿ," ಎಂದಳು ಅವಳು. ಅವಳ ಕೈಯಲ್ಲಿದ್ದ ಪ್ರತಿಯಲ್ಲಿ 'ತಂದೆ ಮತ್ತು ತಾಯಿ' ಎಂದಿತ್ತು.

ಸಂಸತ್ ಕಚೇರಿಯ ತಾಳೆ ವಿಭಾಗದಲ್ಲಿ ಅವಳದು ಇಪ್ಪತ್ತಾರು ವರ್ಷಗಳ ಕೆಲಸ. ಮೂಲಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದುವುದು, ನಕಲನ್ನು ಇನ್ನೊಬ್ಬರು ಕಣ್ಣಲ್ಲಿ ಹಿಂಬಾಲಿಸುವುದು. ಓದುವವರು ಮೇಷ್ಟ್ರು. ಹಿಂದೆ ಶಾಲೆಯಲ್ಲಿ ಪಾಠ ಹೇಳಿದ್ದವರು, ಮನೆಯಲ್ಲಿ ಹೆಂಡತಿಗೂ "ನೀರು ಕೊಡ್ತೀಯಾ, ಪ್ರಶ್ನಾರ್ಥಕ ಚಿಹ್ನೆ" ಎನ್ನುತ್ತಾರೆಂದು ಕಚೇರಿಯವರ ತಮಾಷೆ. ಹಿಂಬಾಲಿಸುವವಳು ಇವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮಂತ್ರಿಗಳೇ ಸಹಿ ಹಾಕಿದ್ದ ಕಾಗದದಲ್ಲಿ 'ದಂಡ' ಎಂಬುದರ ಸೊನ್ನೆ ಬಿಟ್ಟುಹೋಗಿ 'ದಡ' ಆಗಿದ್ದನ್ನು ಹಿಡಿದಿದ್ದಳು. ಅಂದಿನಿಂದ ಸೊನ್ನೆಯಕ್ಕ ಎಂಬ ಹೆಸರು ಅಂಟಿಕೊಂಡು, ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು.

ಸಂವಿಧಾನ ಬದಲಾಗಬೇಕೆಂದರೆ ಸಾಮಾನ್ಯ ಕಾನೂನಿನಂತೆ ಕೈಯೆತ್ತಿ ಮುಗಿಸುವ ಹಾಗಿರಲಿಲ್ಲ. ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಆಮೇಲೆ ಹದಿನೆಂಟು ಪ್ರಾಂತ್ಯಗಳಲ್ಲಿ ಹನ್ನೆರಡರ ಸಭೆಗಳಾದರೂ ಅನುಮೋದಿಸಬೇಕು, ಅದೂ ಮೂರು ವರ್ಷದೊಳಗೆ. ಪ್ರಾಂತ್ಯಗಳು ಹೌದು ಎನ್ನಬಹುದು, ಇಲ್ಲ ಎನ್ನಬಹುದು. ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಹನ್ನೊಂದು ಬಂದಿದ್ದವು. ಅವಳ ಕೈಯಲ್ಲಿದ್ದದ್ದು ಹನ್ನೆರಡನೆಯದು. ಗಡುವಿಗೆ ಇನ್ನು ಒಂಬತ್ತು ದಿನವಿತ್ತು.

ಓದು ಮುಗಿದು ಮೇಷ್ಟ್ರು ಕನ್ನಡಕ ತೆಗೆದರು. ಸೊನ್ನೆಯಕ್ಕ ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. "ಊಟ ಮುಗಿಸಿ ಬರ್ತೀನಿ," ಎಂದು ಎದ್ದು ಹೋದಳು. ಡಬ್ಬಿಯ ಮುಚ್ಚಳ ತೆಗೆದಿಟ್ಟುಕೊಂಡು ಕಿಟಕಿಯ ಪಕ್ಕ ಸುಮ್ಮನೆ ಕುಳಿತಳು.

ತಂಗಿ ತೀರಿಕೊಂಡಾಗ ಅವಳ ಮಗಳಿಗೆ ನಾಲ್ಕು ವರ್ಷ; ಅಂದಿನಿಂದ ಸಾಕಿದವಳು ಸೊನ್ನೆಯಕ್ಕನೇ. ಅಪ್ಪ ಹೊರದೇಶದ ಹಡಗಿನವನು. ಮಗು ಹುಟ್ಟುವ ಮೊದಲೇ ಹೋದವನು ಹಡಗಿನ ಹೆಸರನ್ನೂ ಬಿಟ್ಟುಹೋಗಿರಲಿಲ್ಲ. ಈಗಿನ ಸಂವಿಧಾನದ ಪ್ರಕಾರ ಅಪ್ಪ ಪ್ರಜೆಯಾಗಿದ್ದರಷ್ಟೇ ಮಕ್ಕಳು ಪ್ರಜೆಗಳು. ಹುಡುಗಿ ನರ್ಸಿಂಗ್ ಪರೀಕ್ಷೆಯಲ್ಲಿ ಮೂರನೆಯ ಸ್ಥಾನ ಪಡೆದು ಎರಡು ವರ್ಷವಾಗಿತ್ತು. ಪ್ರಜೆಯಲ್ಲದವರ ಹೆಸರನ್ನು ದಾದಿಯರ ಪಟ್ಟಿಗೆ ಸೇರಿಸುವುದಿಲ್ಲವಾದ್ದರಿಂದ ಅದೇ ಆಸ್ಪತ್ರೆಯಲ್ಲಿ ಹಾಸಿಗೆ ಕೊಡವುತ್ತಿದ್ದಳು. ತನಗಿಂತ ಕಡಿಮೆ ಅಂಕ ತೆಗೆದವರು "ಸ್ವಲ್ಪ ಆ ಬೇಸಿನ್ ತಾರೇ" ಎಂದರೆ ತಂದುಕೊಡುತ್ತಿದ್ದಳು.

ಊಟ ಮಾಡದೆಯೇ ಡಬ್ಬಿ ಮುಚ್ಚಿ ಸೊನ್ನೆಯಕ್ಕ ಒಳಗೆ ಬಂದಳು. "ಮೇಷ್ಟ್ರೇ, ಇದ್ರಲ್ಲಿ 'ಮತ್ತು' ಅಂತಿದೆ."

ಮೇಷ್ಟ್ರು ಕಾಗದವನ್ನು ನೋಡಲೇ ಇಲ್ಲ. ಹುಡುಗಿಯ ವಿಷಯ ಅವರಿಗೂ ಗೊತ್ತಿತ್ತು. "ನಾನು ಓದಿದ್ದು 'ಅಥವಾ' ಅಂತ," ಎಂದರು ಮೆಲ್ಲಗೆ. "ನಿಮ್ಮ ಕಣ್ಣಿಗೆ ಏನು ಕಾಣಿಸ್ತು ಅಂತ ನಾನ್ಯಾಕೆ ಕೇಳ್ಲಿ? ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ ಕಣ್ಣು ಕೈಕೊಟ್ರೆ ಆಕಾಶವೇನೂ ಕಳಚಿ ಬೀಳಲ್ಲ."

ಅವಳು ಕಾಗದ ಹಿಡಿದು ಕಾರ್ಯದರ್ಶಿಯ ಕೋಣೆಗೆ ನಡೆದಳು.

ಕಾರ್ಯದರ್ಶಿ ಆ ಸಾಲನ್ನು ಎರಡು ಸಲ ಓದಿ ಆ ಪ್ರಾಂತ್ಯದ ಕಚೇರಿಗೆ ಫೋನು ಮಾಡಿದ. ಅತ್ತಲಿಂದ ತಿಳಿದದ್ದು ಇಷ್ಟು. ಮಸೂದೆ ಮೊದಲು ಮಂಡನೆಯಾದಾಗ ಅದರಲ್ಲಿ 'ಮತ್ತು' ಎಂದೇ ಇತ್ತು. ಸಂಸತ್ತು ಚರ್ಚಿಸಿ 'ಅಥವಾ' ಮಾಡಿತ್ತು. ಆ ಪ್ರಾಂತ್ಯದವರು ಹಳೆಯ ಕರಡನ್ನೇ ಸದಸ್ಯರಿಗೆ ಹಂಚಿದ್ದರು. ಸದಸ್ಯರು ಕೈಯೆತ್ತಿದ್ದು ಬೇರೆಯೇ ಮಾತಿಗೆ.

"ಮತ್ತೆ ಸಭೆ ಕರೀಬೇಕು," ಎಂದು ಕಾರ್ಯದರ್ಶಿ ಫೋನಿಟ್ಟ. "ಮೊದಲ ಸಲ ಗೆದ್ದಿದ್ದು ನಾಲ್ಕೇ ಮತದಲ್ಲಿ. ಎರಡನೇ ಸಲ ಹೇಗೋ ಏನೋ." ಅವಳತ್ತ ತಿರುಗಿ, "ನಿಮ್ಮ ಮನೇಲೂ ಒಬ್ಬಳಿದಾಳಲ್ವಾ?" ಎಂದ.

"ಇದಾಳೆ ಸಾರ್."

ಸಂಜೆ ಹುಡುಗಿ ಆಸ್ಪತ್ರೆಯಿಂದ ಬಂದು ಕೈ ತೊಳೆಯುವಾಗಲೇ ಸೊನ್ನೆಯಕ್ಕ ಎಲ್ಲವನ್ನೂ ಹೇಳಿದಳು. ಬೇರೆಯವರ ಬಾಯಿಂದ ಕೇಳುವುದು ಬೇಡವೆನ್ನಿಸಿತ್ತು. ಹುಡುಗಿ ನಲ್ಲಿ ನಿಲ್ಲಿಸಿದಳು.

"ಬೇರೆ ಯಾರಿಗಾದ್ರೂ ಗೊತ್ತಾಗ್ತಿತ್ತಾ ದೊಡ್ಡಮ್ಮ?"

"ನಂಗೆ ಗೊತ್ತಾಗಿತ್ತಲ್ಲ."

"ನಿಮಗೆ ಗೊತ್ತಾದ್ರೆ ನಿಮ್ಮ ಹೊಟ್ಟೇಲಿ ಇರ್ತಿತ್ತು. ಏನೇನೆಲ್ಲ ಹೊಟ್ಟೇಲಿ ಇಟ್ಕೊಂಡು ನೀವು ಬದುಕಿಲ್ಲ?"

"ನಾಳೆ ಯಾವನೋ ಕೋರ್ಟಿಗೆ ಹೋಗಿ ಆ ಕಾಗದ ಎತ್ತಿ ತೋರಿಸಿದ್ರೆ? ಅವತ್ತು ನಿನ್ನ ಕೈಯಿಂದ ಸೂಜಿ ಕಿತ್ಕೊಂಡ್ರೆ?"

"ಅವತ್ತಿನ ಮಾತು ಅವತ್ತಿಗೆ. ಅಲ್ಲೀವರೆಗಾದ್ರೂ ನಾನು ನರ್ಸ್ ಆಗಿರ್ತಿದ್ದೆ."

ಸೊನ್ನೆಯಕ್ಕ ಹುಡುಗಿ ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿದಳು, ಸಿಗಲಿಲ್ಲ. ಮರುದಿನದಿಂದ ಮನೆಯಲ್ಲಿ ಮಾತಿಗೆ ಬರ ಬಂತು. "ಅನ್ನ ಆಗಿದೆ", "ಚಿಲಕ ಹಾಕ್ಕೊಳ್ಳಿ", ಅಷ್ಟೇ. ಹುಡುಗಿ ಬೆಳಿಗ್ಗೆ ಒಂದು ಬಸ್ಸು ಮೊದಲೇ ಹೊರಡತೊಡಗಿದಳು. ಸೊನ್ನೆಯಕ್ಕ ತಟ್ಟೆ ತೊಳೆಯುತ್ತ, ದಾರಿಯಲ್ಲಿ ನಡೆಯುತ್ತ, ತನ್ನದು ನಿಯತ್ತೋ ಬರೀ ಚಟವೋ ಎಂದು ಕೇಳಿಕೊಂಡಳು. ಬೇರೆಯವರ ಮಗಳಾಗಿದ್ದರೆ ಆ ಕಾಗದ ಹಿಡಿದು ಹೋಗಲು ಊಟದ ಹೊತ್ತು ಮುಗಿಯುವವರೆಗೆ ಕಾಯುತ್ತಿರಲಿಲ್ಲ ಎಂಬುದು ಮಾತ್ರ ಅವಳಿಗೆ ನಿಚ್ಚಳವಾಗಿ ಗೊತ್ತಿತ್ತು.

ಎಂಟನೆಯ ದಿನ ಮಧ್ಯಾಹ್ನ ಆ ಪ್ರಾಂತ್ಯದ ಸಭೆ ಮತ್ತೆ ಕೂಡಿತು. ಕಚೇರಿಯ ರೇಡಿಯೊ ಸುತ್ತ ಎಲ್ಲರೂ ನಿಂತಿದ್ದರು. ಹಿಂದೆ ಹೌದು ಎಂದಿದ್ದ ಇಬ್ಬರು, 'ಮತ್ತು' ಎಂದಿದ್ದರೆ ಸರಿ, 'ಅಥವಾ' ಎಂದರೆ ಆಗದು ಎಂದು ಎದುರು ಪಕ್ಕಕ್ಕೆ ಹೋದರು. ನಾಲ್ಕರ ಅಂತರ ಅಲ್ಲಿಗೆ ಸೊನ್ನೆಯಾಯಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಆಗ ಹಿಂದಿನ ಸಲ ತಟಸ್ಥವಾಗಿದ್ದ ಒಬ್ಬ ಮುದುಕಿ ಸದಸ್ಯೆ ಎದ್ದಳು. ದನಿ ಕೊರಕೊರ ಎನ್ನುತ್ತಿತ್ತು.

"ಹೋದ ಸಲ ನಾನು ಕೇಳಿದ್ದೆ, ಅಪ್ಪನೂ ಬೇಕು ಅಮ್ಮನೂ ಬೇಕು ಅಂದ್ರೆ ಇದ್ರಲ್ಲಿ ತಾಯಂದ್ರಿಗೆ ಸಿಕ್ಕಿದ್ದಾದ್ರೂ ಏನು ಅಂತ. ಯಾರೂ ಕಿವಿ ಮೇಲೆ ಹಾಕ್ಕೊಳ್ಲಿಲ್ಲ, ಅದಕ್ಕೇ ಸುಮ್ನಿದ್ದೆ. ಈಗ ಸರಿಯಾಗಿದೆ. ನನ್ನದು ಹೌದು."

ಒಂದೇ ಮತದಲ್ಲಿ ಗೆದ್ದಿತ್ತು. ಯಾರೋ ಮೇಜು ಗುದ್ದಿದರು.

ಮರುದಿನ, ಗಡುವಿನ ದಿನ, ಮೂರೂವರೆಗೆ ಕಾಗದ ಬಂತು. "ಈ ಸಲ ಬೇರೆಯವ್ರು ನೋಡ್ಲಿ ಸಾರ್, ನನ್ನ ಮನೆ ವಿಷಯ ಇದು," ಎಂದಳು ಅವಳು.

"ಮೊನ್ನೆ ನಿಮ್ಮ ಮನೆ ವಿಷಯ ಆಗಿರ್ಲಿಲ್ವಾ?" ಎಂದು ಕಾರ್ಯದರ್ಶಿ ಕುರ್ಚಿ ಎಳೆದುಕೊಟ್ಟ. "ಕೂತ್ಕೊಳ್ಳಿ."

ಅಂದು ಅವಳು ಎಂದಿಗಿಂತ ನಿಧಾನವಾಗಿ ನೋಡಿದಳು. ಮೇಷ್ಟ್ರು ಎರಡು ಸಲ ಕಾಯಬೇಕಾಯಿತು. ನಾಲ್ಕೂ ಇಪ್ಪತ್ತಕ್ಕೆ ಸಹಿ ಹಾಕಿದಳು.

ಮನೆಗೆ ಬಂದಾಗ ಹುಡುಗಿಗೆ ಸುದ್ದಿ ತಿಳಿದಿತ್ತು. ಓಡಿಬಂದು ತಬ್ಬಿಕೊಳ್ಳಲಿಲ್ಲ. "ಸೋತಿದ್ರೆ ನಾನು ನಿಮ್ಮನ್ನ ಕ್ಷಮಿಸ್ತಿರ್ಲಿಲ್ಲ ದೊಡ್ಡಮ್ಮ," ಎಂದಳು.

"ಗೊತ್ತು ಕಣೇ," ಎಂದಳು ಸೊನ್ನೆಯಕ್ಕ. ಆಮೇಲೆ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕುಳಿತರು.

ತಿದ್ದುಪಡಿ ಜಾರಿಗೆ ಬಂದ ವಾರವೇ ಇಬ್ಬರೂ ನೋಂದಣಿ ಕಚೇರಿಯ ಸಾಲಿನಲ್ಲಿ ನಿಂತರು. ಮುಂದೆ ಒಬ್ಬ ನಡುವಯಸ್ಸಿನ ಬಡಗಿ, ಹಿಂದೆ ಹೆಗಲ ಮೇಲೆ ಕೂಸು ಮಲಗಿಸಿಕೊಂಡ ಹೆಂಗಸು. ಕಿಟಕಿಯಾಚೆಯ ಗುಮಾಸ್ತ "ತಂದೆಯೋ ತಾಯಿಯೋ?" ಎಂದು ತಲೆಯೆತ್ತದೆ ಕೇಳಿದ. "ತಾಯಿ," ಎಂದು ಹುಡುಗಿ ತನ್ನ ಅಮ್ಮನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಮುದ್ರೆ ಬಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಮುದ್ರೆಯ ಶಾಯಿ ಇನ್ನೂ ಹಸಿಯಾಗಿತ್ತು. ಹುಡುಗಿ ಕಾಗದವನ್ನು ಮಡಿಸಲಿಲ್ಲ, ಚೀಲಕ್ಕೂ ಹಾಕಲಿಲ್ಲ. ಎರಡೂ ಅಂಗೈಗಳ ಮೇಲೆ ಹರವಿಕೊಂಡು, ಬಸ್ಸು ಕುಲುಕಿದಾಗೆಲ್ಲ ತೋಳುಗಳನ್ನು ಸ್ವಲ್ಪ ಮೇಲೆತ್ತುತ್ತ ಕುಳಿತಳು. ಸೊನ್ನೆಯಕ್ಕ ಗಾಳಿ ಬರಲೆಂದು ಗಾಜನ್ನು ಅರ್ಧಕ್ಕೆ ಸರಿಸಿದಳು.